ಕೂಡೋ ಲೆಕ್ಕ ಕೂಡಿ ಬರ್ತಿಲ್ಲ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು

ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಓದ್ತಿರೋ ಮಗು. ಬಾಯಲ್ಲಿ ಆರೂ ಏಳೂ ಎಷ್ಟು ಅಂದ್ರೆ ಹದಿಮೂರು ಅನ್ನುತ್ತೆ, ನಲವತ್ತು ಮೂವತ್ತು ಸೇರಿಸಿದ್ರೆ ಎಷ್ಟು ಅಂದ್ರೂ ಸ್ವಲ್ಪ ಯೋಚ್ನೆ ಮಾಡಿ ಎಪ್ಪತ್ತು ಅನ್ನುತ್ತೆ, ಅದೇ 46 ಕೆಳಗೆ 37 ಬರೆದು ಗೆರೆ ಎಳೆದು ಕೊಟ್ರೆ 713 ಅಂತ ಬರೆದು ಬುಕ್ಕನ್ನ ನಿಮ್ಮ ಕಡೆ ತಳ್ಳುತ್ತೆ. ಮನೇಲಿ ಕೂಗಾಟ ಶುರು ಆಗೋದು ಇಲ್ಲೇ. ಕೈಲಿ ಒಂದು ಇಟ್ಕೋ ಅಂತ ಎಷ್ಟು ಸಲ ಹೇಳೋದು ನಿಂಗೆ ಅಂತ ಗದರಿಸ್ತೀವಿ, ಮಗು ಹೆದರ್ಕೊಂಡು ಮುಂದಿನ ಲೆಕ್ಕದಲ್ಲಿ 23+45 ಇದ್ರೂ ತಲೆ ಮೇಲೆ ಒಂದು ಬರೆದು 78 ಅಂತ ತೋರಿಸುತ್ತೆ. ಹೇಳಿದ್ದನ್ನೇ ಮಾಡಿದೆ ಪಾಪ, ಏನಕ್ಕೆ ಮಾಡ್ಬೇಕು ಅಂತ ಮಾತ್ರ ಗೊತ್ತಿಲ್ಲ.

ನಾನು ಚಿಂತಾಮಣೀಲಿ ಸಂಜೆ ಹೊತ್ತು ಮನೇಲೇ ಟ್ಯೂಷನ್ ಹೇಳ್ಕೊಡ್ತೀನಿ, ಗೌರ್ಮೆಂಟ್ ಸ್ಕೂಲ್ ಮಕ್ಳೂ ಬರ್ತಾರೆ ಕಾನ್ವೆಂಟ್ ಮಕ್ಳೂ ಬರ್ತಾರೆ, ಕೂಡೋ ಲೆಕ್ಕದಲ್ಲಿ ಮಾತ್ರ ಇಬ್ರದ್ದೂ ಒಂದೇ ಕಥೆ. ಅಪ್ಪ ಅಮ್ಮ ಬಂದು "ಮಿಸ್, ಇವ್ನಿಗೆ ಲೆಕ್ಕ ತಲೆಗೇ ಹತ್ತಲ್ಲ" ಅಂತಾರೆ. ಕೂತು ನೋಡಿದ್ರೆ ಬಹಳಷ್ಟು ಮಕ್ಕಳಿಗೆ ಕೂಡೋದು ಬರುತ್ತೆ. ಬರ್ದೇ ಇರೋದು, ಹತ್ತು ಬಿಡಿ ಸೇರಿದ್ರೆ ಒಂದು ಕಟ್ಟು ಆಗುತ್ತೆ, ಆ ಕಟ್ಟು ಎಡಗಡೆ ಮನೆಗೆ ಹೋಗುತ್ತೆ ಅನ್ನೋ ಒಂದು ವಿಷ್ಯ. ಅದು ಕೂತ್ರೆ ಎರಡಂಕಿ ಏನು ಐದಂಕಿ ಲೆಕ್ಕಾನೂ ಮಾಡ್ತಾರೆ, ಅದು ಕೂರದೆ ನೂರು ಲೆಕ್ಕ ಪ್ರಾಕ್ಟೀಸ್ ಮಾಡ್ಸಿದ್ರೂ ಅಷ್ಟೇ.

ಮೊದ್ಲು ತಪ್ಪನ್ನ ಓದಿ

ಒಂದು ದಿನ ಏನೂ ಹೇಳ್ಕೊಡಬೇಡಿ. ಒಂದು ಹಾಳೇಲಿ ಈ ಐದು ಲೆಕ್ಕ ಕೊಡಿ, ಅಡ್ಡವಾಗೇ ಬರ್ಕೊಡಿ, ಕೆಳಗೆ ಕೆಳಗೆ ಬರ್ಕೊಳ್ಳೋದು ಮಗುವಿನ ಕೆಲ್ಸ: 23+45, 47+38, 345+27, 405+38, 268+157. ಸರಿ ಉತ್ತರ 68, 85, 372, 443, 425. ಮಗು ಮಾಡೋವಾಗ ಮಧ್ಯ ಬಾಯಿ ಹಾಕ್ಬೇಡಿ, ಮುಖ ಸಿಂಡರಿಸ್ಬೇಡಿ, ಮೊಬೈಲ್ ನೋಡ್ಕೊಂಡಾದ್ರೂ ಕೂತಿರಿ. ಮುಗಿದ ಮೇಲೆ ಸರಿ ಇರೋದಕ್ಕೂ ತಪ್ಪಿರೋದಕ್ಕೂ ಒಂದೇ ಥರ ಕೇಳಿ, "ಇದನ್ನ ಹೆಂಗೆ ಮಾಡ್ದೆ ನಂಗೆ ಹೇಳ್ಕೊಡು". ತಪ್ಪಿಗೆ ಮಾತ್ರ ಕೇಳಿದ್ರೆ ಮಗು ತಕ್ಷಣ ರಬ್ಬರ್ ತಗೊಳ್ಳುತ್ತೆ, ನಿಮಗೆ ಏನೂ ಗೊತ್ತಾಗಲ್ಲ.

47+38 ಒಂದನ್ನೇ ತಗೊಳ್ಳಿ, ತಪ್ಪು ಉತ್ತರ ಒಂದೊಂದೂ ಒಂದೊಂದು ಕಥೆ ಹೇಳುತ್ತೆ. 715 ಬಂದಿದ್ರೆ ಏಳೂ ಎಂಟೂ ಹದಿನೈದನ್ನ ಪೂರ್ತಿ ಕೆಳಗೆ ಇಳಿಸಿ ಪಕ್ಕದಲ್ಲಿ ಏಳು ಬರೆದಿದೆ, ಅಂದ್ರೆ ಮಗು ಎರಡು ಬೇರೆ ಬೇರೆ ಲೆಕ್ಕ ಮಾಡಿದೆ, 47 ಅನ್ನೋದು ಒಂದೇ ಸಂಖ್ಯೆ ಅಂತ ಅದಕ್ಕೆ ಕಾಣ್ತಿಲ್ಲ. 75 ಬಂದಿದ್ರೆ ಐದು ಬರೆದು ದಶಕ, ಅಂದ್ರೆ ಕೈಲಿ ಇಟ್ಕೊಂಡು ಎಡಗಡೆ ಮನೆಗೆ ಸೇರಿಸ್ಬೇಕಾದ ಒಂದು, ಮರ್ತಿದೆ. 121 ಬಂದಿದ್ರೆ ಹದಿನೈದರಲ್ಲಿ ಒಂದನ್ನ ಕೆಳಗೆ ಬರೆದು ಐದನ್ನ ಮೇಲೆ ಕಳಿಸಿದೆ, ಯಾವುದು ಇಲ್ಲಿರ್ಬೇಕು ಯಾವುದು ಹೋಗ್ಬೇಕು ಅಂತ ಗೊತ್ತಿಲ್ಲ, ಎಡಗಡೆ ಇರೋದನ್ನ ಮೊದ್ಲು ಬರ್ಯೋದು ಅಭ್ಯಾಸ ಅಲ್ವಾ. 84 ಬಂದಿದ್ರೆ ಖುಷಿ ಪಡಿ, ವಿಧಾನ ಪೂರ್ತಿ ಸರಿ ಇದೆ, ಏಳೂ ಎಂಟೂ ಹದಿನಾಲ್ಕು ಅಂತ ಬೆರಳು ಎಣಿಸೋದ್ರಲ್ಲಿ ಒಂದು ತಪ್ಪಿದೆ ಅಷ್ಟೇ. ಈ ನಾಲ್ಕು ಮಕ್ಕಳಿಗೂ ಒಂದೇ ಔಷಧಿ ಕೊಟ್ರೆ ಹೆಂಗೆ?

345+27 ರಲ್ಲಿ 615 ಬಂದ್ರೆ 27 ನ ಎಡಗಡೆಗೆ ಅಂಟಿಸಿ ಬರೆದಿದೆ, ಮೂರರ ಕೆಳಗೆ ಎರಡು. ಅಂದ್ರೆ 27 ನ 270 ಮಾಡಿಬಿಟ್ಟಿದೆ. 405+38 ರಲ್ಲಿ ಸೊನ್ನೆ ಕಂಡು ಗಾಬರಿ ಬೀಳೋ ಮಕ್ಕಳಿದಾರೆ, ಮಗ್ಗಿ ಕಲಿಯೋಕೆ ಶುರು ಮಾಡಿದ ಮೇಲೆ ಸೊನ್ನೆಗೆ ಏನು ಮಾಡಿದ್ರೂ ಸೊನ್ನೆನೇ ಅಂತ ತಲೇಲಿ ಕೂತಿರುತ್ತೆ, ಅದನ್ನ ಇಲ್ಲಿಗೂ ತರ್ತಾರೆ. ಇನ್ನೊಂದು ತಪ್ಪು ಬಹಳ ಜನಕ್ಕೆ ಕಣ್ಣಿಗೆ ಬೀಳಲ್ಲ: ಮೇಲೆ ಚಿಕ್ಕದಾಗಿ ಬರೆದ ಒಂದು, ಕೆಳಗಿರೋ ನಾಲ್ಕು, ಎರಡನ್ನೂ ಸೇರಿಸಿ ಮಗು ಹದಿನಾಲ್ಕು ಅಂತ ಓದ್ಕೊಳ್ಳುತ್ತೆ. ಉತ್ತರ ಎಲ್ಲೋ ಹೋಗಿರುತ್ತೆ, ನೀವು ಎಷ್ಟು ನೋಡಿದ್ರೂ ಯಾಕೆ ಅಂತ ಹೊಳೆಯಲ್ಲ, ಮಗುನೇ ಹೇಳ್ಬೇಕು.

ಕೊನೇಗೆ ಎರಡು ಪ್ರಶ್ನೆ. ಒಂದು, ಮುನ್ನೂರ ಐದು ಬರಿ ಅನ್ನಿ. 3005 ಅಂತ ಬರೆದ್ರೆ ಕೂಡೋ ಲೆಕ್ಕ ಪಕ್ಕಕ್ಕಿಡಿ, ತೊಂದ್ರೆ ಅದಕ್ಕಿಂತ ಹಿಂದೆ ಇದೆ, ಸ್ಥಾನಬೆಲೆನೇ ಬಂದಿಲ್ಲ. ಎರಡನೇದು, ದಶಕ ಸರಿಯಾಗಿ ಹಾಕಿರೋ ಲೆಕ್ಕದಲ್ಲಿ ಆ ಮೇಲಿನ ಒಂದರ ಮೇಲೆ ಬೆರಳಿಟ್ಟು "ಇದು ಎಷ್ಟು?" ಅಂತ ಕೇಳಿ. "ಒಂದು" ಅಂದ್ರೆ ಮಗು ನಿಯಮ ಬಾಯಿಪಾಠ ಮಾಡಿದೆ. "ಹತ್ತು" ಅಂದ್ರೆ ಅರ್ಥ ಆಗಿದೆ. ಕ್ಲಾಸಲ್ಲಿ ಹತ್ತಕ್ಕೆ ಹತ್ತು ತಗೊಳ್ಳೋ ಮಕ್ಳೂ ಇಲ್ಲಿ "ಒಂದು" ಅನ್ನೋದುಂಟು, ಅಂಥವ್ರು ಮುಂದೆ ಕಳೆಯೋ ಲೆಕ್ಕದಲ್ಲಿ ಸಿಕ್ಕಿಹಾಕ್ಕೋತಾರೆ.

ಬಾಯಲ್ಲಿ ಬರ್ಬೇಕಾಗಿರೋದು ಇಪ್ಪತ್ತೇ

ಮೇಲಿನ 84 ರ ಥರದ ಮಗು ನಿಮ್ದಾದ್ರೆ, ಅಥವಾ ಪ್ರತೀ ಅಂಕಿಗೂ ಬೆರಳು, ಕಾಲ್ಬೆರಳು, ಪಕ್ಕದೋರ ಬೆರಳು ಅಂತ ಹುಡುಕೋ ಮಗು ಆದ್ರೆ, ಒಂದಂಕಿ ಕೂಡೋದು ಗಟ್ಟಿ ಮಾಡ್ಬೇಕು. ಒಂದೊಂದು ಬೆರಳು ಎಣಿಸೋದ್ರಲ್ಲೇ ಸುಸ್ತಾಗೋ ಮಗುಗೆ ದಶಕ ಎಲ್ಲಿ ಹಾಕ್ದೆ ಅಂತ ನೆನಪಿರೋಕೆ ಜಾಗ ಎಲ್ಲಿರುತ್ತೆ. ಆದ್ರೆ ಬೆರಳಿಗೆ ಹೊಡೀಬೇಡಿ, ಬೆರಳು ಬಿಡು ಅಂತ ಹಠನೂ ಮಾಡ್ಬೇಡಿ, ಬೇರೆ ದಾರಿ ಕೈಗೆ ಸಿಕ್ಕಿದ್ರೆ ತಾನೇ ಬಿಡುತ್ತೆ. ಬೆರಳಲ್ಲಿ ಆಗೋ ತಪ್ಪು ಒಂದೇ ಥರ: 8+7 ಕ್ಕೆ ಮೊದಲನೇ ಬೆರಳು ಮಡಚಿ "ಎಂಟು" ಅಂತ ಶುರು ಮಾಡೋದು. ಎಂಟು ಆಗ್ಲೇ ತಲೇಲಿದೆ, ಮೊದಲ್ನೇ ಬೆರಳು ಒಂಬತ್ತು. ಇದನ್ನ ಎರಡು ದಿನ ತಿದ್ದಿದ್ರೆ ಸರಿ ಹೋಗುತ್ತೆ.

ಕಲೀಬೇಕಾಗಿರೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. 1 ರಿಂದ 9 ರವರೆಗೆ ಯಾವ ಎರಡು ಅಂಕಿ ಕೂಡಿದ್ರೂ, ಹಿಂದೆ ಮುಂದೆ ಆದ್ರೂ ಒಂದೇ ಅಂತ ತಗೊಂಡ್ರೆ, ಹತ್ತು ದಾಟೋ ಜೋಡಿ ಬರೀ 20. ಅದ್ರಲ್ಲಿ ಒಂಬತ್ತರದ್ದು ಎಂಟು ಜೋಡಿ, ಅದಕ್ಕೆ ಸುಲಭ ದಾರಿ ಇದೆ, ಒಂಬತ್ತಕ್ಕೆ ಆ ಕಡೆಯಿಂದ ಒಂದು ಕೊಟ್ಟು ಹತ್ತು ಮಾಡ್ಕೊಳ್ಳೋದು, 9+6 ಅಂದ್ರೆ 10+5. ಆರಾರು, ಏಳೇಳು, ಎಂಟೆಂಟು ಬಹಳ ಮಕ್ಕಳಿಗೆ ತಾನಾಗೇ ಬಂದಿರುತ್ತೆ. ಅಲ್ಲಿಗೆ ಉಳಿದಿದ್ದು ಒಂಬತ್ತೇ ಜೋಡಿ: ಎಂಟಕ್ಕೆ 3, 4, 5, 6, 7, ಏಳಕ್ಕೆ 4, 5, 6, ಆರಕ್ಕೆ 5. ಇಷ್ಟನ್ನ ಒಂದು ಚೀಟೀಲಿ ಬರೆದು ಬೀರು ಬಾಗಿಲಿಗೆ ಅಂಟಿಸಿ. ಇಷ್ಟಕ್ಕೆ ಅಬ್ಯಾಕಸ್ ಕ್ಲಾಸಿಗೆ ಫೀಸ್ ಕಟ್ಟೋ ಅವಶ್ಯಕತೆ ನಂಗಂತೂ ಕಾಣಲ್ಲ.

ಇದಕ್ಕೆ ಮೂಲ ಹತ್ತರ ಜೋಡಿ, 1-9, 2-8, 3-7, 4-6, 5-5. ನಮ್ಮ ಕಡೆ ಹುಣಸೆ ಬೀಜಕ್ಕೆ ಬರಗಾಲ ಇಲ್ಲ, ಹತ್ತು ಬೀಜ ತಗೊಳ್ಳಿ, ಮಗು ಮುಂದೆ ಎಣಿಸಿ, ಒಂದಷ್ಟು ಮುಷ್ಟೀಲಿ ಮುಚ್ಕೊಂಡು ಮಿಕ್ಕಿದ್ದು ನೆಲದ ಮೇಲೆ ಬಿಡಿ. "ಮುಷ್ಟೀಲಿ ಎಷ್ಟು?" ಆಮೇಲೆ ಮಗು ಮುಚ್ಚಲಿ, ನೀವು ಹೇಳಿ, ಆಗಾಗ ಬೇಕಂತ ತಪ್ಪು ಹೇಳಿ, ನಿಮ್ಮನ್ನ ಹಿಡ್ದಾಕೋ ಖುಷೀಲಿ ಅದು ಕಲ್ತುಬಿಡುತ್ತೆ. ಈ ಜೋಡಿ ಬಂದ ಮೇಲೆ 8+7 ನ ಎಂಟಕ್ಕೆ ಎರಡು ಕೊಟ್ಟು ಹತ್ತು, ಇನ್ನು ಐದು ಮಿಕ್ಕಿದೆ, ಹದಿನೈದು ಅಂತ ಒಡೆಯೋದು ಹೇಳ್ಕೊಡಿ.

ಇಲ್ಲಿ ನಮ್ಮ ಊರುಗಳದ್ದೇ ಒಂದು ವಿಷ್ಯ ಇದೆ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಆ ಕಡೆ ಶ್ರೀನಿವಾಸಪುರ ಮುಳಬಾಗಿಲು, ಎಷ್ಟೋ ಮನೇಲಿ ಮಾತು ತೆಲುಗು, ಬೀದೀಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. ಮಗು ಒಳಗೊಳಗೇ ತೆಲುಗಲ್ಲಿ ಎಣಿಸಿ, ಕನ್ನಡದಲ್ಲಿ ಹೇಳಿ, ಇಂಗ್ಲಿಷಲ್ಲಿ ಬರೀತಿರುತ್ತೆ. ನಿಧಾನ ಯಾಕೆ ಅಂದ್ರೆ ಇದಕ್ಕೆ. ಮನೇಲಿ ಅಭ್ಯಾಸ ಮಾಡೋವಾಗ ಯಾವ ಭಾಷೇಲಿ ಎಣಿಕೆ ಓಡುತ್ತೋ ಅದ್ರಲ್ಲೇ ಬಿಡಿ, ಥರ್ಟೀನ್ ಥರ್ಟಿ ಅಂತ ಕನ್ಫ್ಯೂಸ್ ಆಗೋ ಮಗುಗೆ ಹದಿಮೂರು ಮೂವತ್ತು ಅಂತ ಹೇಳಿಸಿ, ಲೆಕ್ಕ ಕೂತ ಮೇಲೆ ಸ್ಕೂಲಿನ ಭಾಷೆಗೆ ತಿರುಗಿಸ್ಕೊಳ್ಳೋದು ಕಷ್ಟ ಅಲ್ಲ.

ಪೊರಕೆ ಕಡ್ಡಿ, ರಬ್ಬರ್ ಬ್ಯಾಂಡು

ಈಗ ಅಸಲಿ ಕೆಲ್ಸ. ತೆಂಗಿನ ಗರಿ ಪೊರಕೇಲಿ ಒಂದು ಹಿಡಿ ಕಡ್ಡಿ ಕಿತ್ಕೊಂಡು ಬೆರಳುದ್ದ ಮುರಿದು ನೂರರ ಹತ್ರ ಮಾಡ್ಕೊಳ್ಳಿ. ಒಂದಷ್ಟು ರಬ್ಬರ್ ಬ್ಯಾಂಡ್. ಹತ್ತತ್ತು ಎಣಿಸಿ ಕಟ್ಟು ಕಟ್ಟೋ ಕೆಲ್ಸ ಮಗುದೇ, ನೀವು ಕಟ್ಟಿ ರೆಡಿ ಇಟ್ರೆ ಅರ್ಧ ಪಾಠ ಹೋಯ್ತು. ನ್ಯೂಸ್ ಪೇಪರ್ ಮೇಲೆ ಸ್ಕೆಚ್ ಪೆನ್ನಲ್ಲಿ ಎರಡು ಮನೆ ಮಾಡಿ, ಬಲಗಡೆ ಬಿಡಿ, ಎಡಗಡೆ ಹತ್ತು.

47 ಇಡು ಅನ್ನಿ. ನಾಲ್ಕು ಕಟ್ಟು ಎಡಕ್ಕೆ, ಏಳು ಕಡ್ಡಿ ಬಲಕ್ಕೆ. ಅದ್ರ ಕೆಳಗೆ 38, ಮೂರು ಕಟ್ಟು, ಎಂಟು ಕಡ್ಡಿ. ಈಗ ಬಿಡಿ ಮನೇದೆಲ್ಲಾ ಒಟ್ಟು ಮಾಡು ಅಂದ್ರೆ ಹದಿನೈದು ಕಡ್ಡಿ ಗುಡ್ಡೆ ಬೀಳುತ್ತೆ. ಒಂದೇ ಒಂದು ರೂಲ್ ಹೇಳಿ: ಬಿಡಿ ಮನೇಲಿ ಒಂಬತ್ತಕ್ಕಿಂತ ಜಾಸ್ತಿ ಇರಂಗಿಲ್ಲ, ಹತ್ತು ಆದ್ರೆ ಕಟ್ಟಿ ಪಕ್ಕದ ಮನೆಗೆ ಕಳಿಸ್ಬೇಕು. ಮಗು ಹತ್ತು ಎಣಿಸುತ್ತೆ, ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕುತ್ತೆ, ಒಂದ್ಸಲ ಟಪ್ ಅಂತ ಕೈಗೆ ಹೊಡ್ಕೊಳ್ಳುತ್ತೆ, ಕಟ್ಟನ್ನ ಎತ್ತಿ ಎಡಗಡೆ ಇಡುತ್ತೆ. ಆ ಕ್ಷಣ ಬಿಡ್ಬೇಡಿ. ಕಟ್ಟು ಆ ಕಡೆ ಹೋದ ತಕ್ಷಣ ಪೆನ್ಸಿಲ್ ಕೈಗೆ ಕೊಟ್ಟು, ಬುಕ್ಕಲ್ಲಿ ನಾಲ್ಕರ ತಲೆ ಮೇಲೆ ಒಂದು ಬರೆಸಿ. "ಈ ಒಂದು ಯಾವುದು?" ಅಂತ ಕೇಳಿದ್ರೆ ಮಗು ರಬ್ಬರ್ ಬ್ಯಾಂಡ್ ಹಾಕಿರೋ ಕಟ್ಟು ತೋರಿಸ್ಬೇಕು. ಉಳಿದ ಐದು ಕಡ್ಡಿ, ಬಿಡಿ ಕೆಳಗೆ ಐದು. ಆಮೇಲೆ ಕಟ್ಟು ಎಣಿಸಿ, ಒಂದು, ನಾಲ್ಕು, ಮೂರು, ಒಟ್ಟು ಎಂಟು. ಉತ್ತರ 85.

ಕಡ್ಡಿ ಒಂದು ಕಡೆ, ಬುಕ್ಕು ಒಂದು ಕಡೆ ಬೇರೆ ಬೇರೆ ಹೊತ್ತಲ್ಲಿ ಮಾಡಿಸಿದ್ರೆ ಪ್ರಯೋಜನ ಇಲ್ಲ, ಅದನ್ನ ಒತ್ತಿ ಹೇಳ್ತೀನಿ. ಕಡ್ಡಿ ಆಟ ಆಡಿದ ಮಗು ಬುಕ್ ತೆಗೆದ ತಕ್ಷಣ ಮತ್ತೆ 715 ಬರೆಯೋದು ಇದಕ್ಕೇನೇ. ಕೈ ಮಾಡಿದ್ದನ್ನ ಪೆನ್ಸಿಲ್ಲು ಅಲ್ಲೇ ಆಗ್ಲೇ ಬರೀಬೇಕು, ಒಂದು ಕೈ ಕೆಲ್ಸ, ಒಂದು ಬರವಣಿಗೆ, ಮತ್ತೆ ಕೈ ಕೆಲ್ಸ. ಒಂದು ವಾರ ಹಿಂಗೆ. ಆಮೇಲೆ ಕಡ್ಡಿ ಬದ್ಲು ಚಿತ್ರ, ಕಟ್ಟಿಗೆ ಉದ್ದ ಗೆರೆ, ಬಿಡಿಗೆ ಚುಕ್ಕಿ, ಹತ್ತು ಚುಕ್ಕಿ ಸುತ್ತ ಒಂದು ಸುತ್ತು ಹಾಕಿ ಬಾಣದ ಗುರುತು. ಚಿತ್ರನೂ ಬೇಡ ಅಂತ ಮಗುನೇ ಹೇಳೋ ದಿನ ಬರುತ್ತೆ, ಅವತ್ತು ನಿಲ್ಸಿ.

ಇದಕ್ಕೆ ಸಾಮಾನು ಆರಿಸೋವಾಗ ಸ್ವಲ್ಪ ಹುಷಾರು. ಮನೇಲಿ ಸಿಗೋದೆಲ್ಲಾ ಹತ್ತರ ಲೆಕ್ಕದಲ್ಲಿರಲ್ಲ. ಬಾಳೆಹಣ್ಣು ಡಜನ್, ಮೊಟ್ಟೆ ಟ್ರೇ ಮೂವತ್ತು, ಕೋಲಾರ ಮಂಡೀಲಿ ಟೊಮ್ಯಾಟೊ ಬಾಕ್ಸ್ ಹದಿನೈದು ಕೇಜಿ. ಇದ್ರಲ್ಲಿ ಲೆಕ್ಕ ಕೇಳಿ, ಪರವಾಗಿಲ್ಲ, ಕಟ್ಟು ಕಟ್ಟೋಕೆ ಮಾತ್ರ ಬಳಸ್ಬೇಡಿ. ಗೌರ್ಮೆಂಟ್ ಸ್ಕೂಲ್ ಮಗು ಆದ್ರೆ ಮೇಷ್ಟ್ರನ್ನ ಕೇಳಿ, ಗಣಿತ ಕಲಿಕಾ ಆಂದೋಲನದ ಕಿಟ್ ಅಂತ ಸ್ಕೂಲುಗಳಿಗೆ ಕೊಟ್ಟಿದಾರೆ, ಇದೇ ಕೆಲ್ಸಕ್ಕೆ ಬರೋ ಸಾಮಾನು ಅದ್ರಲ್ಲಿರುತ್ತೆ. ಕೆಲವು ಕಡೆ ಕಳೆದೋಗುತ್ತೆ ಅಂತ ಬೀರುವಲ್ಲಿ ಬೀಗ ಹಾಕಿ ಇಟ್ಟಿರ್ತಾರೆ, ನೀವು ಕೇಳಿದ್ರೆ ತೆಗೀತಾರೆ.

ನೂರರ ಲೆಕ್ಕಕ್ಕೆ ಕಡ್ಡಿ ಎಣಿಸ್ತಾ ಕೂತ್ರೆ ರಾತ್ರಿ ಆಗುತ್ತೆ. ಅಲ್ಲಿಗೆ ದುಡ್ಡು. ನೂರರ ನೋಟು, ಹತ್ತರ ನೋಟು, ಒಂದು ರೂಪಾಯಿ ಕಾಯಿನ್ನು, ಇವು ಮೂರೇ. ಐದು, ಇಪ್ಪತ್ತು, ಐವತ್ತು, ಐನೂರು ಮಧ್ಯ ತರ್ಬೇಡಿ. ಅಂಗಡೀಲಿ ಸಿಗೋ ಆಟದ ನೋಟಾದ್ರೂ ಸರಿ, ರಟ್ಟಲ್ಲಿ 100, 10, 1 ಅಂತ ಬರೆದ ಚೀಟಿ ಆದ್ರೂ ಸರಿ. 268 ರೂಪಾಯಿ ಒಂದು ಕಡೆ, 157 ಒಂದು ಕಡೆ. ಕಾಯಿನ್ ಹದಿನೈದಾಯ್ತು, ಹತ್ತು ಕಾಯಿನ್ ಕೊಟ್ಟು ಒಂದು ಹತ್ತರ ನೋಟು ತಗೋ, ನೀವೇ ಬ್ಯಾಂಕು. ಈಗ ಹತ್ತರ ನೋಟು ಆರು, ಐದು, ಹೊಸದು ಒಂದು, ಹನ್ನೆರಡು. ಹತ್ತು ನೋಟು ಕೊಟ್ಟು ನೂರರ ನೋಟು ತಗೋ. ನೂರರ ನೋಟು ನಾಲ್ಕಾಯ್ತು. ನಾನ್ನೂರ ಇಪ್ಪತ್ತೈದು. ಎರಡು ಸಲ ಚಿಲ್ರೆ ಬದಲಾಯಿಸಿದ್ವಿ, ಬುಕ್ಕಲ್ಲಿ ಎರಡು ದಶಕ. ಚಿಲ್ರೆ ಬದಲಾಯಿಸೋದು ಅಂದ್ರೆ ಯಾವ ಮಗುಗೆ ಗೊತ್ತಿಲ್ಲ ಹೇಳಿ, ಅಂಗಡಿಗೆ ಕಳಿಸಿ ಕಳಿಸಿ ನಾವೇ ಕಲಿಸಿರ್ತೀವಿ.

ದೊಡ್ಡ ನೋಟು ಮೊದ್ಲು

ಮಂಡೀಲಿ ಲೆಕ್ಕ ಮಾಡೋ ಹಿರಿಯರನ್ನ ಗಮನಿಸಿ, ಬಾಯಿಲೆಕ್ಕದೋರು ಬಲಗಡೆಯಿಂದ ಶುರು ಮಾಡೋದೇ ಇಲ್ಲ. ಇನ್ನೂರೂ ನೂರೂ ಮುನ್ನೂರು, ಅರವತ್ತೂ ಐವತ್ತೂ ನೂರಹತ್ತು, ನಾನ್ನೂರ ಹತ್ತಾಯ್ತು, ಎಂಟೂ ಏಳೂ ಹದಿನೈದು, ನಾನ್ನೂರ ಇಪ್ಪತ್ತೈದು. ಮುಗೀತು. ಸ್ಕೂಲಲ್ಲಿ ಬಲಗಡೆಯಿಂದ ಹೇಳ್ಕೊಡ್ತಾರೆ, ಬರೆಯೋಕೆ ಅದೇ ಅನುಕೂಲ, ಒಪ್ಕೊಳ್ಳೋಣ, ಆದ್ರೆ ಅರ್ಥ ಆಗೋಕೆ ದೊಡ್ಡದರಿಂದ ಶುರು ಮಾಡೋದೇ ಸಲೀಸು ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ ಇಲ್ಲಿ 60 ನ ಅರವತ್ತು ಅಂತಾನೇ ಕರೀತೀವಿ, ಆರು ಅನ್ನಲ್ಲ. ಬೆಲೆ ಎಲ್ಲೂ ಕಳೆದೋಗಲ್ಲ.

ಇದನ್ನ ಬರೆಯೋಕೆ ಒಂದು ಮಧ್ಯದ ದಾರಿ ಇದೆ. 268 ಕೆಳಗೆ 157 ಬರೆದು ಗೆರೆ ಎಳೀರಿ. ದಶಕ ಗಿಶಕ ಏನೂ ಬೇಡ. ಎಂಟೂ ಏಳೂ 15, ಒಂದು ಸಾಲು. ಅರವತ್ತೂ ಐವತ್ತೂ 110, ಅದ್ರ ಕೆಳಗೆ ಇನ್ನೊಂದು ಸಾಲು. ಇನ್ನೂರೂ ನೂರೂ 300, ಮೂರನೇ ಸಾಲು. ಮತ್ತೊಂದು ಗೆರೆ, ಮೂರೂ ಕೂಡಿದ್ರೆ 425. ಮೂರು ಸಾಲು ಜಾಸ್ತಿ ಬರೀತೀವಿ ಅಷ್ಟೇ. 715 ಬರೆಯೋ ಮಗುಗೆ ಇದಕ್ಕಿಂತ ಒಳ್ಳೆ ಮದ್ದು ನಾನು ಕಂಡಿಲ್ಲ, ಯಾಕಂದ್ರೆ ಅದಕ್ಕೆ 15 ಪೂರ್ತಿ ಬರೆಯೋ ಆಸೆ, ಇಲ್ಲಿ ಬರೆಯೋಕೆ ಬಿಡ್ತೀವಿ, ಆಮೇಲೆ 15 ರ ಕೆಳಗೆ 70 ಇಟ್ರೆ 85 ತಾನಾಗೇ ಕಾಣುತ್ತೆ. ಒಂದೆರಡು ವಾರ ಹಿಂಗೆ ಮಾಡಿದ ಮಗುಗೆ "ಈ ಹದಿನೈದರ ಹತ್ತನ್ನ ಮೊದ್ಲೇ ಮೇಲೆ ಬರ್ಕೊಂಡ್ರೆ ಸಾಲು ಉಳಿಯುತ್ತೆ ನೋಡು" ಅಂತ ತೋರಿಸಿ, ಸ್ಕೂಲಿನ ವಿಧಾನ ಅದೇ. ಟೆಸ್ಟಲ್ಲಿ ಉದ್ದಕ್ಕೆ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರಾ ಅಂತ ಕೇಳ್ತಾರೆ ಅಮ್ಮಂದಿರು. ಟೀಚರ್ ಹತ್ರ ಮೊದ್ಲೇ ಒಂದು ಮಾತು ಹೇಳಿಡಿ, ಕಲಿಯೋವರೆಗೂ ಹಿಂಗೆ ಮಾಡ್ತಿದೀವಿ ಅಂತ.

ಉತ್ತರ ಬರೆಯೋಕೆ ಮುಂಚೆ ಅಂದಾಜು ಹೇಳಿಸೋ ಅಭ್ಯಾಸನೂ ಇಲ್ಲೇ ಹಾಕಿ. 47 ಹತ್ತತ್ರ ಐವತ್ತು, 38 ಹತ್ತತ್ರ ನಲವತ್ತು, ಎರಡೂ ಸ್ವಲ್ಪ ಕಮ್ಮಿನೇ ಇರೋದ್ರಿಂದ ಉತ್ತರ ತೊಂಬತ್ತರ ಒಳಗೇ ಬರ್ಬೇಕು. ಇಷ್ಟು ಹೇಳಿದ ಮಗು 715 ಬರೆದ್ರೆ ತಾನೇ ನಗುತ್ತೆ.

ಬುಕ್ಕಲ್ಲಿ ಬರೆಸೋದು

ಅಂಕಿ ಸಾಲಾಗಿ ಕೂರ್ದೆ ಇರೋದೇ ಎಷ್ಟೋ ಮಕ್ಕಳ ತೊಂದ್ರೆ, ಲೆಕ್ಕ ಅಲ್ಲ. ಚೌಕದ ಲೆಕ್ಕದ ಬುಕ್ ತಗೊಳ್ಳಿ, ಒಂದು ಚೌಕಕ್ಕೆ ಒಂದೇ ಅಂಕಿ. ಅದಿಲ್ಲ ಅಂದ್ರೆ ಮಾಮೂಲಿ ಗೆರೆ ಬುಕ್ಕನ್ನೇ ಅಡ್ಡ ತಿರುಗಿಸಿ, ಗೆರೆಗಳು ನಿಂತ್ಕೊಳ್ಳುತ್ವೆ, ಅವೇ ಬಿಡಿ ಹತ್ತು ನೂರರ ಮನೆ. ಒಂದು ಪೈಸೆ ಖರ್ಚಿಲ್ಲ. ಮೇಲೆ ಎಡಗಡೆಯಿಂದ ನೂ, ಹ, ಬಿ ಅಂತ ಬರೆಸಿ, ಅಂಕಿ ಬರೆಯೋವಾಗ ಮಾತ್ರ ಬಲಗಡೆ ಬಿಡಿ ಮನೆಯಿಂದ ಶುರು, 345 ರ ಕೆಳಗೆ 27 ಬರೀಬೇಕಾದ್ರೆ ಮೊದ್ಲು ಏಳನ್ನ ಐದರ ಕೆಳಗೆ ಕೂರಿಸಿ ಆಮೇಲೆ ಎರಡು. 615 ಬರೆಯೋ ಮಗುಗೆ ಇಷ್ಟೇ ಸಾಕು.

ದಶಕದ ಒಂದನ್ನ ಹದಿನಾಲ್ಕು ಅಂತ ಓದೋ ಮಗುಗೆ, ಅದನ್ನ ಬೇರೆ ಬಣ್ಣದಲ್ಲಿ ಒಂದು ಚಿಕ್ಕ ಡಬ್ಬಿ ಒಳಗೆ ಬರೆಸಿ, ಅಥವಾ ಮೇಲೆ ಬೇಡವೇ ಬೇಡ, ಉತ್ತರದ ಗೆರೆ ಹತ್ರ ಹತ್ತರ ಮನೇಲೇ ಚಿಕ್ಕದಾಗಿ ಬರೆಸಿ. ಎರಡರಲ್ಲಿ ಯಾವುದು ಹಿಡಿಸುತ್ತೋ ಅದು.

ಮೂರು ಸಾಲು ಕೂಡೋ ಲೆಕ್ಕ ಬಂದಾಗ ಇನ್ನೊಂದು ಗುಂಡಿ ಇದೆ. ದಶಕ ಅಂದ್ರೆ ಒಂದೇ ಅಂತ ಮಗು ಅಂದ್ಕೊಂಡಿರುತ್ತೆ. 68+57+89 ಕೊಡಿ. ಎಂಟು ಏಳು ಒಂಬತ್ತು 24, ಎರಡು ಕಟ್ಟು ಹೋಗ್ಬೇಕು, ಒಂದಲ್ಲ. ಉತ್ತರ 214. ಕಡ್ಡಿ ಕಟ್ಟಿ ಕಲ್ತಿರೋ ಮಗು ಎರಡು ಕಳಿಸುತ್ತೆ, "ಕೈಲಿ ಒಂದು" ಅಂತ ಬಾಯಿಪಾಠ ಮಾಡಿರೋ ಮಗು ಒಂದೇ ಕಳಿಸಿ 204 ಅನ್ನುತ್ತೆ.

ದಿನಾ ಎಷ್ಟು ಹೊತ್ತು

ಹತ್ತು ನಿಮಿಷ, ಜಾಸ್ತಿ ಅಂದ್ರೆ ಹದಿನೈದು. ನಾಲ್ಕೋ ಐದೋ ಲೆಕ್ಕ. ಊಟ ಆಗಿ ಕಣ್ಣು ಎಳೀತಿರೋವಾಗ ಬೇಡ, ಸ್ಕೂಲಿಂದ ಬಂದ ತಕ್ಷಣನೂ ಬೇಡ. ದಶಕ ಬರೋದು, ಬರ್ದೇ ಇರೋದು ಎರಡೂ ಕಲಸಿ ಕೊಡಿ, ಒಂದೇ ಥರದ್ದು ಇಪ್ಪತ್ತು ಕೊಟ್ರೆ ಮಗು ಯೋಚ್ನೆ ಮಾಡೋದು ಬಿಟ್ಟು ಎಲ್ಲಾದಕ್ಕೂ ತಲೆ ಮೇಲೆ ಒಂದು ಹಾಕ್ತಾ ಹೋಗುತ್ತೆ, ಶುರೂಲಿ ಹೇಳಿದ 78 ಬರೋದು ಹಿಂಗೇನೇ. ತಪ್ಪಾದ್ರೆ ರಬ್ಬರ್ ಬೇಡ, ಪಕ್ಕದಲ್ಲಿ ಮತ್ತೆ ಮಾಡಿಸಿ, ನಿನ್ನೆ ಎಲ್ಲಿ ತಪ್ಪಿತ್ತು ಇವತ್ತು ಎಲ್ಲಿದೆ ಅಂತ ನಿಮಗೆ ಕಾಣ್ಬೇಕು. ಸರಿ ಇದ್ಯಾ ಅಂತ ನೋಡೋಕೆ ಕೆಳಗಿನಿಂದ ಮೇಲಕ್ಕೆ ಮತ್ತೊಂದ್ಸಲ ಕೂಡಿಸಿ, ನಿಮ್ಮ ಹತ್ರ ಬಂದು "ಸರಿನಾ?" ಅಂತ ಕೇಳೋದು ಕಮ್ಮಿ ಆಗುತ್ತೆ. ನಿಮಗೆ ಸಿಟ್ಟು ಬರ್ತಿದೆ ಅನ್ಸಿದ್ರೆ ಎದ್ದು ಹೋಗಿ, ಅಜ್ಜಿನೋ ಚಿಕ್ಕಪ್ಪನೋ ಕೂರ್ಲಿ. ನಿಜ ಹೇಳ್ಬೇಕಂದ್ರೆ ಅಜ್ಜಿಯಂದ್ರಿಗೆ ತಾಳ್ಮೆ ಜಾಸ್ತಿ, ಬಾಯಿಲೆಕ್ಕನೂ ಜಾಸ್ತಿ.

ಬುಕ್ಕಿಂದ ಆಚೆ ಲೆಕ್ಕ ಕೇಳಿ, ಆದ್ರೆ ಮಗುಗೆ ಅದು ಬೇಕಾಗಿರೋ ಲೆಕ್ಕ ಆಗಿರ್ಲಿ. ಅಪ್ಪ ಬೆಳಿಗ್ಗೆ 148 ಬಾಕ್ಸ್ ಟೊಮ್ಯಾಟೊ ಲೋಡ್ ಮಾಡಿದ್ರು, ಮಧ್ಯಾಹ್ನ 75, ಒಟ್ಟು ಎಷ್ಟು ಬಾಕ್ಸ್? 223. ರೇಷ್ಮೆ ಮನೆಯೋರಾದ್ರೆ ಒಂದು ಲಾಟ್ ಗೂಡು 56 ಕೇಜಿ, ಇನ್ನೊಂದು 67, ಶಿಡ್ಲಘಟ್ಟ ಮಾರ್ಕೆಟ್ಟಿಗೆ ಎಷ್ಟು ಕೇಜಿ ಹೋಯ್ತು? 123. ಕ್ರಿಕೆಟ್ ಹುಚ್ಚಿರೋ ಹುಡುಗ್ರಿಗೆ ಇಬ್ರು ಬ್ಯಾಟ್ಸ್‌ಮನ್ ರನ್ ಕೂಡಿಸಿ. ಡೈರಿ ಪುಸ್ತಕದಲ್ಲಿ ಲೀಟರ್ ಪಾಯಿಂಟಲ್ಲಿರುತ್ತೆ, ಅದು ಈಗಲೇ ಬೇಡ. ಅಂಗಡಿ ಚೀಟಿ ಒಳ್ಳೇದು, ಬಿಲ್ ಬಂದ ಮೇಲೆ ಕೆಳಗಿನ ಟೋಟಲ್ ಮಡಚಿ ಮುಚ್ಚಿ ಕೊಡಿ, ಅಂಗಡಿಯೋನು ಸರಿ ಹಾಕಿದಾನಾ ನೋಡು ಅಂದ್ರೆ ಪೊಲೀಸ್ ಥರ ಕೂತು ಮಾಡ್ತವೆ.

ಯಾವಾಗ ಬೇರೆಯವ್ರನ್ನ ಕೇಳ್ಬೇಕು

ನಿಪುಣ್ ಭಾರತ್ ಅಂತ 2021 ರಲ್ಲಿ ಶುರುವಾದ ಕಾರ್ಯಕ್ರಮದ ಗುರಿ ಪ್ರಕಾರ ಎರಡನೇ ಕ್ಲಾಸ್ ಮುಗಿಯೋ ಹೊತ್ತಿಗೆ 999 ರವರೆಗೆ, ಮೂರನೇ ಕ್ಲಾಸಿಗೆ 9999 ರವರೆಗೆ ಮಗು ಸಂಖ್ಯೆ ಓದಿ ಬರೀಬೇಕು. ಎಷ್ಟೋ ಮಕ್ಳು ಅಲ್ಲಿಗೆ ಬಂದಿರಲ್ಲ, ಅದಕ್ಕೆ ಗಾಬರಿ ಬೇಡ. ಮೊದ್ಲು ಕಣ್ಣು ತೋರಿಸಿ. ಬೋರ್ಡ್ ಮೇಲಿನ 6 ನ 8 ಅಂತ ಬರ್ಕೊಂಡು ಬರೋ ಮಗುಗೆ ಲೆಕ್ಕ ಬರಲ್ಲ ಅಂತ ಬೈದು ಏನು ಬಂತು, ಕನ್ನಡಕ ಬೇಕಾಗಿರುತ್ತೆ. ಜ್ವರ ಅಂತಲೋ ಊರ ಜಾತ್ರೆ ಅಂತಲೋ ದಶಕ ಹೇಳ್ಕೊಟ್ಟ ವಾರ ಸ್ಕೂಲಿಗೇ ಹೋಗಿರ್ಲಿಲ್ವಾ ಅಂತನೂ ನೋಡಿ.

ಎರಡು ಮೂರು ತಿಂಗಳು ತಾಳ್ಮೆಯಿಂದ ಕೂತ್ರೂ ಹತ್ತರ ಜೋಡಿನೇ ನಿಲ್ತಿಲ್ಲ, ಏಳು ದೊಡ್ಡದೋ ಒಂಬತ್ತು ದೊಡ್ಡದೋ ಅಂತ ಯೋಚ್ನೆ ಮಾಡ್ಬೇಕಾಗುತ್ತೆ, ಗಡಿಯಾರ ದುಡ್ಡು ಎರಡೂ ಗೋಜಲು, ಬೇರೆ ಪಾಠ ಎಲ್ಲಾ ಚೆನ್ನಾಗಿದೆ ಅಂದ್ರೆ ಡಿಸ್‌ಕ್ಯಾಲ್ಕುಲಿಯ, ಅಂದ್ರೆ ಅಂಕಿ ಲೆಕ್ಕ ಹಿಡಿಯೋದಕ್ಕೆ ಕಷ್ಟ ಆಗೋ ಒಂದು ಕಲಿಕಾ ನ್ಯೂನತೆ, ಇರ್ಬಹುದು. ಅದು ದಡ್ಡತನ ಅಲ್ಲ, ಸೋಮಾರಿತನನೂ ಅಲ್ಲ, ಮನೇಲಿ ಕೂತು ನಾವು ಇದೇ ಅಂತ ಹಣೆಪಟ್ಟಿ ಹಚ್ಚೋ ವಿಷ್ಯನೂ ಅಲ್ಲ. ಮಕ್ಕಳ ಆರೋಗ್ಯ ತಪಾಸಣೆಗೆ ಅಂತ ಸ್ಕೂಲಿಗೆ ಬರೋ ಸರ್ಕಾರಿ ತಂಡಕ್ಕೆ (ಆರ್‌ಬಿಎಸ್‌ಕೆ) ಹೇಳಿ, ಜಿಲ್ಲಾಸ್ಪತ್ರೇಲಿ ಮಕ್ಕಳ ಡಾಕ್ಟ್ರನ್ನ ಕೇಳಿ, ಬೆಂಗಳೂರಿಗೆ ಹೋಗೋಕಾದ್ರೆ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡ್ತಾರೆ. ಕಲಿಕಾ ನ್ಯೂನತೆ 2016 ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಸೇರಿದೆ, ಹಂಗಾಗಿ ಡಾಕ್ಟ್ರು ಬರ್ಕೊಟ್ಟಿದ್ದನ್ನ ಜೋಪಾನವಾಗಿ ಇಟ್ಕೊಳ್ಳಿ, ಮುಂದೆ ಪರೀಕ್ಷೆ ಹೊತ್ತಲ್ಲಿ ರಿಯಾಯ್ತಿ ಕೇಳೋಕೆ ಬೇಕಾಗುತ್ತೆ.

ಕೂಡೋದು ಸರಿ ಹೋಯ್ತು ಅಂದ ತಕ್ಷಣ ಕಳೆಯೋದಕ್ಕೆ ಹಾರ್ಬೇಡಿ. ಮೂರಂಕಿ ಲೆಕ್ಕದಲ್ಲಿ ಎರಡು ದಶಕ ಬಂದ್ರೂ ಕಡ್ಡಿ ಇಲ್ದೆ, ನಿಮ್ಮ ಮುಖ ನೋಡ್ದೆ, ಒಂದು ವಾರ ಪೂರ್ತಿ ಸರಿ ಮಾಡಿದ ಮೇಲೆ ಶುರು ಮಾಡಿ. ಅದಕ್ಕೂ ಇದೇ ಕಡ್ಡಿ, ಇದೇ ನೋಟು ಸಾಕು, 85 ರಲ್ಲಿ 38 ಕಳೆಯೋಕೆ ಐದು ಕಡ್ಡಿ ಸಾಲಲ್ಲ, ಪಕ್ಕದ ಮನೆಯಿಂದ ಒಂದು ಕಟ್ಟು ತಂದು ರಬ್ಬರ್ ಬ್ಯಾಂಡ್ ಬಿಚ್ಚೋದು ಅಂತ ಹೇಳ್ಕೊಡಿ.